ಎರಡು ಕಡ್ಡಿ ನೆಟ್‌ವರ್ಕ್

ಮಾಲ್ದಾರೆ ದಾಟಿ ಮೂರನೇ ತಿರುವಿನಲ್ಲಿ
ಮೋರಿಕಟ್ಟೆಯ ಎಡಗಡೆ ಮಾತ್ರ
ಎರಡು ಕಡ್ಡಿ ಸಿಗುತ್ತದೆ.
ಬಲಗಡೆ ಕೂತರೆ ಒಂದು,
ಎದ್ದು ನಿಂತರೆ ಅದೂ ಇಲ್ಲ.
ಹಾಗಾಗಿ ನನ್ನ ಎಂ.ಎ. ಇಡೀ
ಕೂತಲ್ಲೇ ಕೂತು ಓದಿದ್ದು:
ಸ್ಕೂಟಿಯ ಸೀಟೇ ಮೇಜು, ಫೋನು ಮಡಿಲಲ್ಲಿ,
ಹೆಲ್ಮೆಟ್ಟಿನೊಳಗೆ ಚಾರ್ಜರು, ಒಂದು ಕಿತ್ತಳೆ.

ನಲವತ್ತಾರನೇ ವಯಸ್ಸಿಗೆ ಹಾಜರಿ ಹೇಳುವುದು
ಎಷ್ಟು ಕಷ್ಟ ಅಂತೀರಿ!
ಇಪ್ಪತ್ತೆರಡು ವರ್ಷ ಹೆಸರು ಕರೆದ ನಾಲಿಗೆ ಇದು,
ಕರೆಸಿಕೊಂಡು ಅಭ್ಯಾಸವಿಲ್ಲ.
'ಚೋಂದಮ್ಮ ಕೆ.ಬಿ.' ಎಂದಾಗ
ಯಾವುದೋ ಮಗುವನ್ನು ಕರೆದರೆಂದು ಸುಮ್ಮನಿದ್ದೆ.
ಎರಡನೇ ಸಲಕ್ಕೆ ಮೈಕು ಒತ್ತಿ
'ಪ್ರೆಸೆಂಟ್ ಸರ್' ಅಂದೆ,
ಎದ್ದು ನಿಂತು.
ಕಡ್ಡಿ ಹೋಯಿತು.
ಆ ದಿನ ನಾನು ಗೈರುಹಾಜರು.

ಸರ್‌ಗೆ ಇಪ್ಪತ್ತೊಂಬತ್ತಿರಬಹುದು,
ನನ್ನ ಮೊದಲ ವರ್ಷದ ಮಕ್ಕಳ ಪ್ರಾಯ.
ಅವರ ಹಿಂದೆ ಎಲ್ಲೋ ತೊಟ್ಟಿಲು ತೂಗುವ ಸದ್ದು.
'ಕೇಳಿಸ್ತಿದೆಯಾ? ಎಲ್ಲರಿಗೂ ಕೇಳಿಸ್ತಿದೆಯಾ?'
ನಾನು ಕೊನೇ ಬೆಂಚನ್ನು ಕೇಳುತ್ತಿದ್ದ ಹಾಗೆಯೇ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ.

ಹಗಲಿಗೆ ಬೇರೆ ಕೆಲಸ.
ಲೈನ್‌ಮನೆಯಿಂದ ಲೈನ್‌ಮನೆಗೆ ಅಕ್ಕಿ ಬೇಳೆಯ ಲೆಕ್ಕ,
ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ
ತೊಂಬತ್ತಾರು, ತೊಂಬತ್ತೇಳು ಬರೆದುಕೊಳ್ಳುವುದು.
ನನ್ನ ನಾಲ್ಕನೇ ಕ್ಲಾಸು ತೋಟದಲ್ಲಿ ಚದುರಿತ್ತು,
ಮುತ್ತನ ಕೈ ತುಂಬ ಕಾಫಿಹಣ್ಣಿನ ಅಂಟು.
ಏಳರ ಮಗ್ಗಿ ಹೇಳೋ ಎಂದರೆ
ಇಪ್ಪತ್ತೆಂಟಕ್ಕೆ ನಿಂತು,
'ಮುಂದೆ ನೆಟ್‌ವರ್ಕ್ ಇಲ್ಲ ಟೀಚರ್' ಅಂದ.

ಸಂಜೆ ಅದೇ ಮಕ್ಕಳ ಮೇಲೆ ಅಸೈನ್‌ಮೆಂಟು:
'ಹೊರಗುಳಿದ ಕಲಿಕಾರ್ಥಿಗಳು, ಕಾರಣ ಮತ್ತು ಪರಿಹಾರ.'
ಕಾರಣ ಹನ್ನೊಂದು ಪುಟ ಬಂತು.
ಪರಿಹಾರಕ್ಕೆ ತಲುಪುವಾಗ
ಬ್ಯಾಟರಿ ನಾಲ್ಕು ಪರ್ಸೆಂಟು.

ಬೊಳ್ಳಿ ದಿನಾ ಬರುತ್ತಿದ್ದಳು, ಆರನೇ ಕ್ಲಾಸಿನವಳು,
ಕಟ್ಟೆಯ ಬಲಗಡೆ ಕೂತು ಕಾಲಾಡಿಸುತ್ತ.
'ಟೀಚರ್, ನೀವೂ ಫೇಲಾ?'
ಇಲ್ಲ ಕಣೆ.
'ಮತ್ತೆ ಯಾಕೆ ಇನ್ನೂ ಓದ್ತೀರಿ?'
ಬಡ್ತಿಗೆ ಎನ್ನಲೇ, ಇನ್‌ಕ್ರಿಮೆಂಟಿಗೆ ಎನ್ನಲೇ,
ನಿದ್ದೆ ಬಾರದೆ ಸಾವಿನ ಅಂಕಿ ನೋಡುವುದಕ್ಕಿಂತ
ವಾಸಿ ಎನ್ನಲೇ?
'ನಿಮಗೆ ಚೆನ್ನಾಗಿ ಕಲಿಸೋಕೆ' ಎಂದೆ.
ನಂಬಲಿಲ್ಲ. ಇಯರ್‌ಫೋನಿನ ಒಂದು ಕಿವಿ ಕೇಳಿದಳು.
ಆರು ಅಡಿ ಅಂತರಕ್ಕೆ ವೈರು ಸಾಲಲಿಲ್ಲ.
ಮಾಸ್ಕು ಮೂಗಿಗೇರಿಸಿ ಇಬ್ಬರೂ ಕೇಳಿದೆವು
ಬೌದ್ಧಿಕ ವಿಕಾಸದ ಹಂತಗಳನ್ನು.
ಅವಳಿಗೆಷ್ಟು ತಿಳಿಯಿತೋ ನನಗೂ ಅಷ್ಟೇ.

ಪರೀಕ್ಷೆಯ ದಿನ ಕ್ಯಾಮೆರಾದ ಕಾವಲು.
ತಲೆ ತಿರುಗಿಸಕೂಡದು, ಪಕ್ಕದಲ್ಲಿ ಯಾರೂ ಇರಕೂಡದು.
ಬೊಳ್ಳಿ ಮೋರಿಯಾಚೆ, ತೋಟದ ಕಡೆ ಮುಖ ಮಾಡಿ.
ಅವಳಪ್ಪ ಆನೆ ಓಡಿಸುವ ತಂಡದವನು,
ಕಣ್ಣು ಅವಳಿಗೆ ಅಲ್ಲಿಂದಲೇ ಬಂದದ್ದು.
ಮೂರನೇ ಪ್ರಶ್ನೆಗೆ ಬಿದಿರು ಮುರಿದ ಸದ್ದು.
ನೋಡಿದೆ. ಯಾರು ನೋಡುವುದಿಲ್ಲ?
ಪರದೆ ಕೆಂಪಾಯಿತು:
'ನಿಮ್ಮ ದೃಷ್ಟಿ ಬೇರೆಡೆ ಸರಿದಿದೆ. ಮೊದಲ ಎಚ್ಚರಿಕೆ.'
ಬೊಳ್ಳಿ ಬೆರಳೆತ್ತಿದಳು: ಮೂರು.
ಕಿರುಬೆರಳು ಬೇರೆ: ಒಂದು ಮರಿ.
ಅಂಗೈ ಆಡಿಸಿದಳು: ದೂರ ಇವೆ, ಬರೆಯಿರಿ.
ಬರೆದೆ.
ಆಮೇಲೆ ಆ ಅಂಗೈ
ಮೇಲಕ್ಕೆ ತಿರುಗಿತು.

ಎಂಜಿನ್ ಹಾಕದೆ ಇಳಿಜಾರಿಗೆ ಸ್ಕೂಟಿ ಬಿಟ್ಟೆ.
ಬೆನ್ನಿಗೆ ಬೊಳ್ಳಿ, ಅವಳೆದೆಗೆ ತೆರೆದ ಲ್ಯಾಪ್‌ಟಾಪು.
ಕಡ್ಡಿ ಯಾಕೋ ಕೆಳಗಿನವರೆಗೂ ಹಿಡಿದುಕೊಂಡಿತ್ತು.
'ಅಪರಿಚಿತ ಮುಖ ಪತ್ತೆಯಾಗಿದೆ' ಎಂದು
ಅವಳೇ ಓದಿ ಹೇಳಿದಳು,
'ಅದು ಯಾರು ಟೀಚರ್?'

ಮರುಪರೀಕ್ಷೆಗೆ ಅರ್ಜಿ. ಕಾರಣ: ಆನೆ.
ದಾಖಲೆ ಲಗತ್ತಿಸಿ ಎಂದರು.
ಬೊಳ್ಳಿ ಎರಡು ಗೆರೆ ಹಾಳೆ ಹರಿದು
ನಾಲಿಗೆ ಕಚ್ಚಿಕೊಂಡು ಬರೆದುಕೊಟ್ಟಳು:
'ಮೂರು ಆನೆ, ಒಂದು ಮರಿ ಬಂತು.
ಟೀಚರ್ ಕಾಪಿ ಹೊಡೆಯಲಿಲ್ಲ.
ನಾನು ನೋಡಿದೇನೆ.'
ಒಂದು ಒತ್ತಕ್ಷರ ಬಿಟ್ಟಿದ್ದಳು.
ಕೆಂಪು ಪೆನ್ನು ಕೈಯಲ್ಲೇ ಇತ್ತು.
ಹಾಗೇ ಕಳಿಸಿದೆ.